ಎರಡು ಬೆರಳು ಹೆಚ್ಚಿದ್ದ ಬಾಗಿಲು

ಆಸ್ಪತ್ರೆಯ ಹಿಂಬದಿಯ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ನೋಡೋಣಕ್ಕ ಎಂದು. ಏನು ಕೇಳಿದರೂ ಅವಳ ಬಾಯಿಂದ ಮೊದಲು ಬರುತ್ತಿದ್ದ ಮಾತು "ನೋಡೋಣ". ಚಪ್ಪಲಿ ಕೊಳ್ಳಲು ಹೋದರೆ ಬೀದಿಯ ಅಂಗಡಿಗಳನ್ನೆಲ್ಲ ಸುತ್ತಿ, ಹಳೆಯ ಚಪ್ಪಲಿಯನ್ನು ಇನ್ನಷ್ಟು ಸವೆಸಿಕೊಂಡು ಬರಿಗೈಯಲ್ಲಿ ವಾಪಸಾಗುವ ಹೆಂಗಸು ಅವಳು.

ಈ ಹೆಸರಿಟ್ಟವಳು ಬೇರೆ ಯಾರೂ ಅಲ್ಲ, ಅವಳ ಓರಗಿತ್ತಿ. ಮೈದುನನ ಹೆಂಡತಿಯಾದ ಅವಳೂ ಅಲ್ಲೇ ಇಸ್ತ್ರಿ ಯಂತ್ರದ ಮುಂದೆ ಕೆಲಸಕ್ಕಿದ್ದಳು. ನಾಲಿಗೆಗೆ ಎಲುಬಿಲ್ಲ ಅನ್ನುತ್ತಾರೆ, ಅವಳ ನಾಲಿಗೆಗೆ ಹಲ್ಲೇ ಇತ್ತು. "ನಮ್ಮಕ್ಕನ ಸೆರಗಿಗೆ ಬೆಂಕಿ ಹತ್ತಿದ್ರೂ, ನೀರನ್ನ ಯಾವ ಬಕೆಟ್‌ನಲ್ಲಿ ತರೋದು ಅಂತ ಮೊದಲು ಕೂತು ಯೋಚಿಸ್ತಾಳೆ" ಎಂದು ಎಲ್ಲರ ಮುಂದೆ ಹೇಳಿ ನಗಿಸುತ್ತಿದ್ದಳು. ನೋಡೋಣಕ್ಕನೂ ನಗುತ್ತಿದ್ದಳು. ಆ ನಗು ತುಟಿ ದಾಟಿ ಒಳಗಿಳಿಯುತ್ತಿರಲಿಲ್ಲ.

ಲಾಂಡ್ರಿಗೆ ಬಂದವರೆಲ್ಲ ಮನೆಯ ಬಟ್ಟೆ ಕಳಚಿ ಯೂನಿಫಾರ್ಮ್ ಹಾಕಬೇಕು, ಹೋಗುವಾಗ ಮತ್ತೆ ಬದಲಾಯಿಸಬೇಕು. ರೋಗಿಗಳ ಹಾಸಿಗೆಬಟ್ಟೆ ಮುಟ್ಟುವ ಕೆಲಸ, ನಿಯಮ ಸರಿಯಾದದ್ದೇ. ಗಂಡಸರಿಗೆ ಬಾಯ್ಲರ್ ಪಕ್ಕ ಬಾಗಿಲಿದ್ದ ಕೋಣೆ ಇತ್ತು. ಹೆಂಗಸರಿಗೆ ಕೊಟ್ಟಿದ್ದು ಹಳೆಯ ಉಗ್ರಾಣ. ಅದರ ಬಾಗಿಲು ಹಬೆಗೆ ಕೊಳೆತು, ರಿಪೇರಿಗೆಂದು ಹೋದದ್ದು ತಿರುಗಿ ಬರಲೇ ಇಲ್ಲ. ಖಾಲಿ ಚೌಕಟ್ಟಿಗೆ ತಂತಿ ಕಟ್ಟಿ ಒಂದು ಪರದೆ ಇಳಿಬಿಟ್ಟಿದ್ದರು. ಅದರ ಮುಂದೆಯೇ ಒದ್ದೆ ಬಟ್ಟೆಯ ಗಾಡಿಗಳು ದಿನವಿಡೀ ಓಡಾಡುತ್ತಿದ್ದವು.

ಒಂದು ಸಂಜೆ ಆಗಬಾರದ್ದು ಆಯಿತು. ಗಾಡಿಯ ಮೂಲೆ ಪರದೆಗೆ ಸಿಕ್ಕಿ, ತಂತಿ ಕಿತ್ತು, ಗಾಡಿ ಪರದೆಯನ್ನೂ ಎಳೆದುಕೊಂಡೇ ಹೋಯಿತು. ಒಳಗೆ ಓರಗಿತ್ತಿ ಅರ್ಧ ಬಟ್ಟೆಯಲ್ಲಿ ನಿಂತಿದ್ದಳು. ಬಾಯ್ಲರ್ ಕಡೆಯ ಗಂಡಸರು ನಾಲ್ಕೈದು ಜನ ಎದುರಿಗೇ ಇದ್ದರು. ಒಬ್ಬ ನಕ್ಕ. ಇನ್ಯಾರೋ ಸಿಳ್ಳೆ ಹಾಕಿದ. ಅವಳು ಗೋಡೆಗೆ ಮುಖ ಮಾಡಿ ಮುದುಡಿದಳು.

ನೋಡೋಣಕ್ಕ ಹತ್ತು ಹೆಜ್ಜೆ ದೂರದಲ್ಲಿದ್ದಳು. ಕೈತುಂಬ ಒಗೆದ ಬೆಡ್‌ಶೀಟುಗಳು. ಇವು ಆಪರೇಷನ್ ವಾರ್ಡಿನವು, ನೆಲಕ್ಕೆ ತಾಗಿದರೆ ಮತ್ತೆ ಒಗೆಯಬೇಕು, ಹೊದಿಸಲು ಮಾಸಿದ್ದೊಂದು ಸಿಕ್ಕಿದರೆ ಎಂದು ಅವಳ ತಲೆ ಲೆಕ್ಕ ಹಾಕುತ್ತಿರುವಾಗಲೇ ಹೊಲಿಗೆ ವಿಭಾಗದ ಅಜ್ಜಿ ಕುಂಟುತ್ತ ಓಡಿಬಂದು, ಆ ಶೀಟುಗಳಲ್ಲೇ ಒಂದನ್ನು ಕಿತ್ತುಕೊಂಡು ಹೋಗಿ ಓರಗಿತ್ತಿಗೆ ಹೊದಿಸಿದಳು. ತಿರುಗಿ ನೋಡೋಣಕ್ಕನನ್ನು ಒಮ್ಮೆ ನೋಡಿದಳು, ಅಷ್ಟೇ.

ಅಂದಿನಿಂದ ಓರಗಿತ್ತಿಯ ಬಾಯಿ ಬಿದ್ದುಹೋಯಿತು. ಬರುವಳು, ಇಸ್ತ್ರಿ ಮಾಡುವಳು, ಹೋಗುವಳು. ಯಾರನ್ನೂ ಆಡಿಕೊಳ್ಳಲಿಲ್ಲ, ಯಾರಿಗೂ ಎದುರುತ್ತರ ಕೊಡಲಿಲ್ಲ. ಆ ಚುಚ್ಚುಮಾತಿಗಾಗಿ ತಾನು ಇಷ್ಟು ಹಂಬಲಿಸಬಹುದು ಎಂದು ನೋಡೋಣಕ್ಕ ಎಂದೂ ಎಣಿಸಿರಲಿಲ್ಲ.

ಹೆಂಗಸರೆಲ್ಲ ಸೇರಿ ಮ್ಯಾನೇಜರ್ ಬಳಿ ಹೋದರು. ಆತ ಕೂಗಾಡುವ ಮನುಷ್ಯನಲ್ಲ. ಅದೇ ಕಷ್ಟ. ಕೂಗಾಡುವವನ ಜೊತೆ ಜಗಳವಾದರೂ ಆಡಬಹುದು. ಈತ ಕೂರಿಸಿ, ತಲೆಯಾಡಿಸುತ್ತ ಎಲ್ಲ ಕೇಳಿದ.

"ಬಹಳ ಗಂಭೀರವಾದ ವಿಷಯ ಇದು. ದುಡುಕಬಾರದು, ಎಲ್ಲಾ ಕಡೆಯಿಂದ ಯೋಚಿಸ್ಬೇಕು. ಮುಂದಿನ ಮೀಟಿಂಗ್‌ನಲ್ಲಿ ಇಡ್ತೀನಿ. ನೋಡೋಣ."

ಕೊನೆಯ ಆ ಒಂದು ಮಾತಿಗೆ ನೋಡೋಣಕ್ಕನ ಕಿವಿ ಬಿಸಿಯಾಯಿತು. ಇಷ್ಟು ವರ್ಷ ತಾನು ಆಡಿದ ಮಾತು ಇನ್ನೊಬ್ಬರ ಬಾಯಲ್ಲಿ ಹೇಗೆ ಕೇಳುತ್ತದೆ ಎಂದು ಆಗಲೇ ಗೊತ್ತಾದದ್ದು. ಹೊರಗೆ ಬರುವಾಗ ಆತನ ಕೋಣೆಯ ಬಾಗಿಲು ಅವಳ ಬೆನ್ನ ಹಿಂದೆ ಮೆತ್ತಗೆ ಮುಚ್ಚಿಕೊಂಡಿತು. ಗಟ್ಟಿ ಮರ, ಹಿತ್ತಾಳೆಯ ಚಿಲಕ.

ಅವಳ ಗಂಡ ಬಡಗಿ. ಭುಜಕ್ಕೆ ಪೆಟ್ಟಾಗಿ ಬಲಗೈ ಮೇಲೇಳದೆ ಮನೆಯಲ್ಲೇ ಇದ್ದ. ಸಂಜೆ ಅವಳು ಎಲ್ಲವನ್ನೂ ಅವನ ಮುಂದೆ ಹರವಿದಳು. ಮೇಲಿನವರಿಗೆ ದೂರು ಕೊಟ್ಟರೆ ಹೀಗೆ, ಕೊಡದಿದ್ದರೆ ಹಾಗೆ, ಕೆಲಸ ಹೋದರೆ ಏನು ಗತಿ.

"ಯೋಚನೆ ಮಾಡೋದು ತಪ್ಪಾ?" ಎಂದು ಕೊನೆಗೆ ಕೇಳಿದಳು.

"ತಪ್ಪಲ್ಲ. ಗೆರೆ ಎಳೀದೆ ಮರ ಕೊಯ್ಯೋನು ಬಡಗಿನೇ ಅಲ್ಲ. ಆದ್ರೆ ಎಳೆದ ಗೆರೆ ಮೇಲೇ ಎಳೀತಾ ಕೂತ್ರೆ ಗೆರೆ ದಪ್ಪ ಆಗುತ್ತೆ. ಆಮೇಲೆ ಎಲ್ಲಿ ಕೊಯ್ಯಬೇಕು ಅನ್ನೋದೇ ಗೊತ್ತಾಗಲ್ಲ."

ಒಲೆಯ ಮೇಲಿನದು ಉಕ್ಕಿತು, ಅವಳು ಎದ್ದು ಇಳಿಸಿ ಬಂದಳು.

"ನಿಮ್ಮ ಸಾಮಾನಿನ ಪೆಟ್ಟಿಗೆ ಎಲ್ಲಿದೆ?"

"ಯಾಕೆ?"

"ಒಂದು ಬಾಗಿಲು ಬಿಚ್ಚೋದಿದೆ." ಯಾವ ಬಾಗಿಲು ಎಂದೂ ಹೇಳಿದಳು.

ಅವನು ನಗಲಿಲ್ಲ. ಹೆಂಡತಿಯ ಮುಖವನ್ನೇ ನೋಡಿ, "ಕೆಳಗಿನ ಕೀಲು ಮೊದಲು ಬಿಚ್ಚು. ಮೇಲಿನದು ಮೊದಲು ಬಿಚ್ಚಿದ್ರೆ ನಿನ್ನ ಮೇಲೇ ಬೀಳುತ್ತೆ" ಎಂದ.

ಮರುದಿನ ಮ್ಯಾನೇಜರ್ ಫೋನಿನಲ್ಲಿ ಮಾತಾಡುತ್ತಿರುವಾಗಲೇ ಅವಳು ಸ್ಟೂಲು, ಗಂಡನ ಸಾಮಾನು ತುಂಬಿದ ಚೀಲ ಹಿಡಿದು ಹೋದಳು. ಬಾಗಿಲನ್ನು ಅಗಲವಾಗಿ ತೆರೆದು, ನೆಲಕ್ಕೆ ಕೂತು, ಕೆಳಗಿನ ಕೀಲಿಗೆ ಸ್ಕ್ರೂಡ್ರೈವರ್ ಹಾಕಿದಳು. ಆತ ಫೋನಿಗೆ ಕೈ ಅಡ್ಡ ಹಿಡಿದ.

"ಏನಮ್ಮ ಅದು?"

"ಬಾಗಿಲು ಬಿಚ್ತಾ ಇದೀನಿ ಸಾರ್."

"ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಆ ಕಡೆ ಬೇಕಾಗಿದೆ."

"ಇದು ನನ್ನ ಬಾಗಿಲು."

"ನೀವು ಇಲ್ಲಿ ಬಟ್ಟೆ ಬದಲಾಯಿಸಲ್ವಲ್ಲ ಸಾರ್."

ಆತ ಫೋನ್ ಇಟ್ಟ. ಮೊದಲ ಸಲ ಆತನ ದನಿ ಏರಿತು, ಕಾವಲುಗಾರನನ್ನು ಕೂಗಿದ. ಅಷ್ಟರಲ್ಲಿ ಅವಳು ಸ್ಟೂಲಿನ ಮೇಲೆ ಹತ್ತಿದ್ದಳು. ಮೇಲಿನ ಕೀಲಿನ ಒಂದು ಸ್ಕ್ರೂ ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹಿಂದಿನಿಂದ ಯಾರೋ ಎಣ್ಣೆಯ ಡಬ್ಬಿ ಚಾಚಿದರು. ನೋಡಿದರೆ ಓರಗಿತ್ತಿ. ಅವಳ ಹಿಂದೆ ಹೆಂಗಸರ ಹಿಂಡೇ ಇತ್ತು. ಯಂತ್ರಗಳೆಲ್ಲ ನಿಂತಿದ್ದವು.

ಎಣ್ಣೆ ಕುಡಿದ ಸ್ಕ್ರೂ ಕಿರ್ ಎಂದು ತಿರುಗಿತು. ಕಾವಲುಗಾರ ಬಂದದ್ದೂ ಆಗಲೇ. ಬಾಗಿಲು ವಾಲಿತು. ಅದು ಮ್ಯಾನೇಜರ್ ಕಾಲಿನ ಮೇಲೆ ಬೀಳದಂತೆ ಕಾವಲುಗಾರನೇ ಓಡಿ ಹಿಡಿದ. ಹಿಡಿದವನಿಗೆ ಬಿಡಲು ಜಾಗವಿಲ್ಲದೆ, ಹೆಂಗಸರು ಹೇಳಿದ ಕಡೆ ಹೊತ್ತುಕೊಂಡು ನಡೆದ.

ಹೆಂಗಸರ ಕೋಣೆಯ ಚೌಕಟ್ಟಿಗೆ ಇಟ್ಟು ನೋಡಿದರೆ ಅಗಲ ಸರಿಯಾಗಿತ್ತು. ಉದ್ದ ಎರಡು ಬೆರಳು ಹೆಚ್ಚಿತ್ತು.

ಮ್ಯಾನೇಜರ್ ಹತ್ತಿರ ಬಂದ. ದನಿ ಮತ್ತೆ ಮೆತ್ತಗಾಗಿತ್ತು. "ನೋಡಿ, ಕೂರೋದೇ ಇಲ್ಲ. ಈಗಲೂ ಕಾಲ ಮಿಂಚಿಲ್ಲ. ವಾಪಸ್ ತಂದು ಹಾಕಿಬಿಡಿ. ನಾನು ಯಾರಿಗೂ ಹೇಳಲ್ಲ. ನೀವು ವಿವೇಕ ಇರೋರು, ಯೋಚನೆ ಮಾಡಿ."

ಅವಳು ನಿಜಕ್ಕೂ ಯೋಚಿಸಿದಳು. ಬಿಚ್ಚಿದ್ದನ್ನು ಮತ್ತೆ ಕೂರಿಸಬಹುದು, ಕೊಯ್ದದ್ದನ್ನು ಕೂಡಿಸಲಾಗುವುದಿಲ್ಲ. ಇಲ್ಲಿಯವರೆಗೆ ಮಾಡಿದ್ದೆಲ್ಲ ಹಿಂದೆ ಬರಲು ದಾರಿಯಿದ್ದ ಕೆಲಸ. ಮನೆಯ ಬಾಡಿಗೆ, ಗಂಡನ ಭುಜ, ಎಲ್ಲ ಕಣ್ಣ ಮುಂದೆ ಬಂದು ಸಾಲಾಗಿ ನಿಂತವು. ಅವು ನಿನ್ನೆಯೂ ಬಂದಿದ್ದವು, ಮೊನ್ನೆಯೂ ಬಂದಿದ್ದವು. ಅವೇ ಮುಖಗಳು. ಹೊಸದಾಗಿ ಹೇಳುವುದು ಅವುಗಳ ಬಳಿ ಏನೂ ಇರಲಿಲ್ಲ.

ಚೀಲದಿಂದ ಗರಗಸ ತೆಗೆದಳು.

ಬಾಗಿಲನ್ನು ಎರಡು ಬೆಂಚುಗಳ ಮೇಲೆ ಅಡ್ಡ ಮಲಗಿಸಿ, ಗೆರೆ ಎಳೆದು, ಕೊಯ್ಯತೊಡಗಿದಳು. ಗಟ್ಟಿ ಮರ. ಮೊದಮೊದಲು ಗರಗಸ ಜಾರಿತು, ಹೆಬ್ಬೆರಳು ತರಚಿತು. ಅಜ್ಜಿ ಬಾಗಿಲಿನ ಮೇಲೆ ಕೂತು ಅದು ಅಲುಗದಂತೆ ತೂಕ ಕೊಟ್ಟಳು. ತುಂಡು ಉದುರಿ ಬಿದ್ದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಾಗಿಲು ಎತ್ತಿ ಹಿಡಿಯಲು ಎಲ್ಲರೂ ಕೈ ಹಾಕಿದರು. ಕೊನೆಯ ಸ್ಕ್ರೂ ಬಿಗಿಯಾದ ಮೇಲೆ ಓರಗಿತ್ತಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಮ್ಯಾನೇಜರ್ ಕರೆಸಿದ್ದ ಆಡಳಿತಾಧಿಕಾರಿ ಬಂದದ್ದು ಆ ಹೊತ್ತಿಗೆ. ಸೂಟು ಧರಿಸಿದ ದೊಡ್ಡ ಮನುಷ್ಯ. "ಎಲ್ಲಿ, ತೆಗೀರಿ, ನೋಡ್ತೀನಿ" ಎಂದು ಬಾಗಿಲು ತಟ್ಟಿದ.

"ಒಳಗೆ ಜನ ಇದ್ದಾರೆ" ಎಂದಿತು ಓರಗಿತ್ತಿಯ ದನಿ. "ತಲೆ ಬಾಚ್ಕೊಂಡು ಬರ್ತೀನಿ. ಅಲ್ಲೀತನಕ ನಿಂತಿರಿ. ನಮ್ಮಕ್ಕ ನೋಡೋಣ ಅಂತ ಎಷ್ಟು ವರ್ಷ ನಿಂತಿದ್ಲು, ನೀವು ಐದು ನಿಮಿಷ ನಿಲ್ಲಕ್ಕಾಗಲ್ವಾ?"

ನೋಡೋಣಕ್ಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅಧಿಕಾರಿ ನಿಂತೇ ಇದ್ದ. ಆಮೇಲೆ ಅವಳ ಕಡೆ ತಿರುಗಿದ.

"ತಪ್ಪಾಯ್ತು ಅಂತ ಬರೆದುಕೊಡಿ. ಇಲ್ಲಿಗೇ ಮುಗಿಸೋಣ."

"ಬರೆಯಲ್ಲ ಸಾರ್."

"ದುಡುಕಬೇಡಿ. ಯೋಚನೆ ಮಾಡೋದಕ್ಕೆ ನಾಳೆ ತನಕ ಟೈಮ್ ಕೊಡ್ತೀನಿ."

"ಟೈಮ್ ಬೇಡ. ಯೋಚನೆ ಮಾಡಾಯ್ತು."

ಹದಿನೈದು ದಿನ ಕೆಲಸಕ್ಕೆ ಬರಬೇಡ ಎಂದರು. ಅದಕ್ಕಿಂತ ಹೆಚ್ಚು ಮಾಡಲು ಅವರಿಗೂ ಧೈರ್ಯವಾಗಲಿಲ್ಲ. ಯಂತ್ರಗಳು ಇನ್ನೂ ನಿಂತೇ ಇದ್ದವು, ಅವುಗಳ ಪಕ್ಕದಲ್ಲಿ ಹೆಂಗಸರೂ. ಕೊಯ್ದ ಬಾಗಿಲು ಹಳೆಯ ಜಾಗಕ್ಕೆ ಹೋಗುವಂತಿರಲಿಲ್ಲ. ಹೊಸದು ಬರುವವರೆಗೆ ಮ್ಯಾನೇಜರ್ ಕೋಣೆಗೆ ಆ ಪರದೆಯನ್ನೇ ಕಟ್ಟಿದರು.

ಅಂದು ಮಧ್ಯಾಹ್ನವೇ ಅವಳು ಮನೆಗೆ ಹೊರಟಳು. ಗರಗಸ ಚೀಲದಿಂದ ಅರ್ಧ ಹೊರಗೆ ಚಾಚಿತ್ತು. ಬೀದಿಯವರು ತಿರುಗಿ ನೋಡಿದರು. ಅವಳು ಅದನ್ನು ಮುಚ್ಚಿಕೊಳ್ಳಲಿಲ್ಲ.