ಎಣ್ಣೆ ಕುಡಿದ ಕಮಾನು

ಕಲ್ಲಮ್ಮನವರ ಕೈಗೆ ಎಣ್ಣೆ ಬಟ್ಟಲು ಸಿಕ್ಕರೆ ಬಾಗಿಲ ಕೀಲೂ ತಪ್ಪಿಸಿಕೊಳ್ಳುವಂತಿಲ್ಲ. ಹೀಗಿರುವಾಗ ಸೊಸೆಯ ಪಿಟೀಲಿನ ಕಮಾನಿಗೆ ಕಟ್ಟಿದ ಕುದುರೆ ಬಾಲದ ಕೂದಲು ಒಣಗಿದ್ದನ್ನು ಕಂಡು ಆ ಜೀವ ಸುಮ್ಮನಿರುವುದುಂಟೆ? ಚನ್ನಗಿರಿಯಿಂದ ಹೊರಡುವ ಮುಂಚೆ ಕೊಬ್ಬರಿ ಎಣ್ಣೆ ಸವರಿ ತಿಕ್ಕಿಯೇ ಬಿಟ್ಟರು.

ಸವಳಂಗದ ಸಮುದಾಯ ಭವನದಲ್ಲಿ ಶಿವಲೀಲಾ ಶ್ರುತಿ ನೋಡಲು ಕಮಾನು ಎಳೆದಳು. ಅದು ಜಾರಿತೇ ಹೊರತು ತಂತಿ ಉಸಿರೆತ್ತಲಿಲ್ಲ. ಕಾರಣ ತಿಳಿದಾಗ ಅತ್ತೆಯ ಮುಖ ಸಣ್ಣದಾಯಿತು.

"ತಲೆಗೂದಲಿನಂಗೆ ಅಂತ ತಿಳ್ಕೊಂಡೆ ಕಣವ್ವ. ಎಲ್ಲಾ ಕೆಡಿಸಿಬಿಟ್ಟೆ."

ಶಿವಲೀಲಾಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮದುವೆಯಾದ ಮೇಲೆ ಅಟ್ಟ ಸೇರಿದ್ದ ಪಿಟೀಲನ್ನು ಇಳಿಸಿ, "ಅಡಿಗೆ ನಾನು ನೋಡ್ಕೊಂತೀನಿ, ನೀನು ನುಡ್ಸು" ಎಂದವರು ಇವರೇ. ಇಂದು ಅವಳ ಮೊದಲ ಕಚೇರಿ. ನುಡಿಸದೆ ಮರಳಿದರೆ ಅತ್ತೆ ಜನ್ಮವಿಡೀ ತಮ್ಮನ್ನೇ ಬೈದುಕೊಳ್ಳುತ್ತಾರೆ.

ಜಮಖಾನ ಹಾಸುತ್ತಿದ್ದ ಊರಿನ ರೈತ ಮೂಕಪ್ಪ ಹತ್ತಿರ ಬಂದ. ಹೆಸರು ಏನೇ ಇರಲಿ, ಅವನಿಗೆ ಮಾತೇನೂ ಕಮ್ಮಿಯಿಲ್ಲ.

"ಇಂಥದೇ ಕಮಾನು ನಮ್ಮನೇಲೂ ಐತ್ರಿ, ನಮ್ಮಜ್ಜಂದು. ನಂಗೂ ಬಾರಿಸಾಕೆ ಕಲಿಸಿದ್ದ. ಹಿರೇರ ಪೂಜೆಗೆ ಇಡಾಕೆ ಅಂತ ಮೊನ್ನೆ ಹೊಸ ಕೂದಲು ಕಟ್ಟೀನಿ. ತರಲೇನ್ರಿ?"

ಓಡಿಹೋಗಿ ತಂದ. ತೆಂಗಿನ ಕರಟಕ್ಕೆ ಚರ್ಮ ಬಿಗಿದು ಬಿದಿರು ಸಿಕ್ಕಿಸಿದ ಒಂಟಿತಂತಿ; ಜೊತೆಗೆ ಬಿಲ್ಲಿನಂತೆ ಬಾಗಿದ ಗಿಡ್ಡ ಕಮಾನು. ಪಿಟೀಲು ಹಡಗು ಹತ್ತಿ ಬಂದದ್ದು, ಇದು ಈ ನೆಲದ್ದು. ಆದರೂ ಎರಡಕ್ಕೂ ಕುದುರೆ ಕೂದಲೇ ಬೇಕು, ಆ ಕೂದಲು ಜಾರದೆ ತಂತಿ ಹಿಡಿಯಲು ಎರಡಕ್ಕೂ ರಾಳವೇ ಬೇಕು. ಬಿಲ್ಲಿಗೆ ಕೂದಲು ಕಟ್ಟಿ ತಂತಿಗೆ ಉಜ್ಜಿದ ಮೊದಲ ಪುಣ್ಯಾತ್ಮ ಯಾವ ದೇಶದವನೋ ಯಾರು ಬಲ್ಲರು?

"ಹಂಗಾದ್ರೆ ಇವು ಅಣ್ಣತಮ್ಮಂದಿರ ಮಕ್ಕಳೇ ಬಿಡು," ಎಂದರು ಕಲ್ಲಮ್ಮ, ಕಣ್ಣೊರೆಸಿಕೊಂಡು.

ಶಿವಲೀಲಾ ಪಿಟೀಲಿನ ತಂತಿಗೆ ತಾಗಿದ ಎಣ್ಣೆ ಒರೆಸಿ, ಅಜ್ಜನ ಕಮಾನಿಗೆ ರಾಳ ತಿಕ್ಕಿ ಎಳೆದಳು. ದನಿ ಕೊಂಚ ಒರಟು, ಆದರೆ ತುಂಬಿಕೊಂಡು ಬಂತು. ಗಿಡ್ಡ ಕಮಾನಿಗೆ ಕೈ ಒಗ್ಗಿಸಿಕೊಳ್ಳುತ್ತಲೇ ಕಚೇರಿ ಮುಗಿಸಿದಳು. ಮುಂದಿನ ಸಾಲಿನಲ್ಲಿ ಕಲ್ಲಮ್ಮ ಕೊನೆಯವರೆಗೂ ತಲೆದೂಗಿದರು.

"ನಿಮ್ಮ ಉಪಕಾರ ಹೆಂಗೆ ತೀರಿಸ್ಲಿ ಅಣ್ಣಾ?" ಎಂದಳು ಶಿವಲೀಲಾ.

"ಉಪಕಾರ ನಿಮ್ಮದೇ ರೀ." ಮೂಕಪ್ಪ ಒಂಟಿತಂತಿಯ ಕರಟ ಸವರಿದ. "ನಮ್ಮಜ್ಜ ಇದನ್ನ ಬಾರಿಸ್ಕೊಂತ ಮನೆಮನೆ ಬಾಗಿಲಾಗೆ ನಿಲ್ತಿದ್ದ. ಕಾಳು ನೀಡಾಕೆ ಎಲ್ಲಾರೂ ಬರೋರು, ಕೂತು ಕೇಳಾಕೆ ಯಾರೂ ಬರ್ಲಿಲ್ಲ."

ಶಿವಲೀಲಾ ಅಜ್ಜನ ಹೆಸರು ಕೇಳಿಕೊಂಡಳು. ಎದ್ದು ಹೊರಟಿದ್ದ ಜನರನ್ನು ಕೂರಿಸಿ, ಮೈಕಿನಲ್ಲಿ ಆ ಹೆಸರು ಹೇಳಿ, ಒಂಟಿತಂತಿಯನ್ನೂ ಕಮಾನನ್ನೂ ಬಾರಿಸಿರೆಂದು ಮೂಕಪ್ಪನ ಕೈಗಿತ್ತಳು. ಆಮೇಲೆ ವೇದಿಕೆ ಇಳಿದು ಅತ್ತೆಯ ಪಕ್ಕ ಕೂತು ಕೇಳಿದಳು.