ತಿದ್ದದೆ ಹೇಳಿದ ಪ್ರಾರ್ಥನೆ

ಸಿಮೆಂಟು ನೆಲದ ಮೇಲೆ ಸೂಜಿ ಬಿದ್ದ ಸದ್ದು ಎಷ್ಟು ಮಾತ್ರದ್ದು? ಆದರೂ ಕರಡು ತಿದ್ದುತ್ತ ಕೂತಿದ್ದವಳು ತಲೆ ಎತ್ತಿದಳು. ಅಚ್ಚಿನ ಯಂತ್ರ ನಿಂತು ಬಹಳ ಹೊತ್ತಾಗಿತ್ತು. ಶಾಲೆಯ ಪುಸ್ತಕಗಳು ಬೆಳಗಾಗುವುದರೊಳಗೆ ಹೊರಡಬೇಕೆಂದು ಯಜಮಾನರು ರಾತ್ರಿಯೂ ಇಬ್ಬರನ್ನು ಉಳಿಸಿಕೊಂಡಿದ್ದರು. ಎದುರು ಮೇಜಿನಲ್ಲಿ ಹಾಳೆಗಳ ಮಡಿಕೆ ಹೊಲಿಯುತ್ತಿದ್ದ ಗೆಳತಿಯನ್ನು ಇಡೀ ಪ್ರೆಸ್ಸು ‘ಸೂಜಿ’ ಎಂದೇ ಕರೆಯುತ್ತಿತ್ತು. ಇಷ್ಟು ವರ್ಷಗಳಲ್ಲಿ ಅವಳು ಕೈಯಿಂದ ಸೂಜಿ ಜಾರಿಸಿದವಳಲ್ಲ.

“ಏನೇ, ನಿದ್ದೆ ಬಂತಾ?”

ಸೂಜಿ ತನ್ನ ಬಲಗೈಯನ್ನು, ಯಾರೋ ಮೇಜಿನ ಮೇಲೆ ಮರೆತು ಹೋದ ಸಾಮಾನು ನೋಡುವಂತೆ ನೋಡುತ್ತಿದ್ದಳು. ಬಾಯಿಯ ಒಂದು ಕೊನೆ ಕೆಳಗೆ ಜಗ್ಗಿತ್ತು. ‘ಕರಡಿ’ ಎನ್ನಲು ಹೋಗಿ “ಕ... ಕ...” ಎಂದಳು. ಕರಡು ತಿದ್ದುವವಳಿಗೆ ಆ ಅಡ್ಡಹೆಸರು ಇಟ್ಟವಳೇ ಅವಳು.

ಕರಡಿಯದು ಹುಟ್ಟಾ ಪುಕ್ಕಲು ಜೀವ. ಹಾಲು ಉಕ್ಕುವ ಮೊದಲೇ ಒಲೆ ಆರಿಸಿ ಹಸಿ ಹಾಲು ಕುಡಿಯುವವಳು. ಏನಾದರೂ ಆದೀತು ಎಂದು ದಿನವೂ ಹೆದರುತ್ತಿದ್ದವಳಿಗೆ, ಆಗಿಯೇ ಬಿಟ್ಟಾಗ ಹೆದರಲು ಪುರುಸೊತ್ತಾಗಲಿಲ್ಲ. ಅವಳ ಅಪ್ಪನ ಬಾಯಿಯೂ ಹೀಗೇ ಜಗ್ಗಿತ್ತು. ಬೆಳಗಾಗಲಿ ನೋಡೋಣ ಎಂದು ಮನೆಯವರು ಕಾದಿದ್ದರು. ಬೆಳಗಾಯಿತು, ಅಪ್ಪ ಏಳಲಿಲ್ಲ.

ಅವಳು ಆಂಬುಲೆನ್ಸಿಗೆ ಫೋನು ಮಾಡಿ ಮುಗಿಸುವ ಹೊತ್ತಿಗೆ ಒಳಕೋಣೆಯಿಂದ ಯಜಮಾನರು ಬಂದರು.

“ಗ್ಯಾಸ್ ಇರ್ಬೇಕು. ಸೋಡಾ ಕುಡಿಸಮ್ಮ, ಸರಿಹೋಗ್ತದೆ.”

“ಗ್ಯಾಸಿಗೆ ಬಾಯಿ ಸೊಟ್ಟ ಆಗಲ್ಲ ಸಾರ್. ಲಕ್ವ ಇದು. ಆಂಬುಲೆನ್ಸ್ ಬರೋದು ತುಂಬಾ ತಡ ಆಗುತ್ತಂತೆ. ವ್ಯಾನ್ ಕೊಡಿ.”

“ವ್ಯಾನ್ ತುಂಬ ಲೋಡ್ ಇದೆಯಲ್ಲಮ್ಮ! ದೇವರ ಮೇಲೆ ಭಾರ ಹಾಕು. ದಿನವೆಲ್ಲ ದೇವರು ದೇವರು ಅಂತಿರ್ತಾಳೆ, ಅವನು ಕೈ ಬಿಡ್ತಾನಾ?” ಎಂದವರೇ ಕಣ್ಣು ಮುಚ್ಚಿ, ಕೈ ಜೋಡಿಸಿ ನಿಂತುಬಿಟ್ಟರು.

ಕರಡಿಗೆ ಅಂಗಾಲಿನ ಉರಿ ನೆತ್ತಿಗೇರಿತು. ವ್ಯಾನಿನ ಕೀಲಿ ಅವರ ಸೊಂಟದಲ್ಲೇ ತೂಗುತ್ತಿತ್ತು! ಭಾರವನ್ನು ದೇವರಿಗೆ ಹೊರಿಸಿ ಕೀಲಿಯನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಭಕ್ತಿ! ಜನ್ಮದಲ್ಲಿ ಅವರಿಗೆ ಎದುರಾಡದವಳು ಆ ಕೀಲಿಯನ್ನು ಕಿತ್ತುಕೊಂಡು ಅಂಗಳಕ್ಕೆ ಓಡಿದಳು. ಮುಂದಿನ ಸೀಟಿನಲ್ಲಿ ಮಲಗಿದ್ದ ಡ್ರೈವರನನ್ನು ಎಬ್ಬಿಸಿ, ಹಿಂದಿನ ಬಾಗಿಲು ತೆಗೆದು, ಕಟ್ಟುಗಳನ್ನು ಒಂದೊಂದಾಗಿ ಹೊರಗೆ ಎಸೆಯತೊಡಗಿದಳು.

“ಅಯ್ಯೋ, ಪುಸ್ತಕ ಮಣ್ಣಾಗ್ತವೆ!”

“ನೀವು ಕಣ್ಣು ಮುಚ್ಕೊಂಡೇ ಇರಿ ಸಾರ್, ಕಾಣಲ್ಲ.”

ಡ್ರೈವರ್ ಸೂಜಿಯನ್ನು ಎತ್ತಿ ತಂದು ಮಲಗಿಸಿದ. ವ್ಯಾನು ಹೊರಟಿತು. ಕರಡಿಯ ತೊಡೆಯ ಮೇಲೆ ತಲೆಯಿಟ್ಟ ಸೂಜಿ, ಬಾರದ ನಾಲಿಗೆಯಲ್ಲಿ “ಕಾ... ಕಾ...” ಎಂದು ಒದ್ದಾಡಿದಳು. ಕರಡಿಗೆ ತಿಳಿಯಿತು. ಅದು ಸೂಜಿ ಹೊಲಿಯುತ್ತ ದಿನವೆಲ್ಲ ಗುನುಗುವ ಪ್ರಾರ್ಥನೆ. ‘ಅಷ್ಟು ಕರೆದರೆ ದೇವರು ಕಿವಿಗೆ ಹತ್ತಿ ಇಟ್ಕೋತಾನೆ ಕಣೇ’ ಎಂದು ತಾನು ಹಂಗಿಸಿದರೆ, ‘ಇಟ್ಕೊಳ್ಳಲಿ ಬಿಡು, ಹತ್ತಿ ಸಾಕಾದಾಗ ನನ್ನ ಕಡೆ ತಿರುಗ್ತಾನೆ’ ಎನ್ನುತ್ತಿದ್ದಳು. ಈಗ ಆ ನಾಲಿಗೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡಿತ್ತು.

“ನಾನು ಹೇಳ್ತೀನಿ, ನೀನು ಸುಮ್ನಿರು.”

ಹೇಳಿದಳು. ಎದುರು ಮೇಜಿನಿಂದ ಕೇಳಿಸಿಕೊಂಡಂತೆಯೇ ಹೇಳಿದಳು. “ಕಾಯೋನೇ, ಎದ್ದಿರು. ನಾ ಮರೆತರೂ ನೀ ಮರೀಬೇಡ. ಆ ದಾರಕ್ಕೆ ಮೇಣ ಹಚ್ಚು. ಕತ್ತಲಿಗೆ ಕಣ್ಣಾಗು, ಸೋತ ಕಾಲಿಗೆ ಕೋಲಾಗು. ಅಂಟು ಗಟ್ಟಿಯಾಯ್ತು, ನೀರು ಹಾಕು. ನನ್ನವರನ್ನು ನಿನ್ನವರು ಅನ್ನು. ಮಡಿಕೆ ತಪ್ಪಿದೆ, ಬಿಚ್ಚು...”

ಡ್ರೈವರ್ ಕನ್ನಡಿಯಲ್ಲಿ ಇಣುಕಿದ. “ಅಕ್ಕಾ, ದೇವರ ಕೈಲಿ ಅಂಟಿಗೆ ನೀರು ಹಾಕಿಸ್ತೀರಾ?”

“ನೀನು ರಸ್ತೆ ನೋಡಪ್ಪ!”

ಊರಿನವರ ವಾಕ್ಯಗಳನ್ನು ದಯೆದಾಕ್ಷಿಣ್ಯವಿಲ್ಲದೆ ಹೊಡೆದುಹಾಕುವವಳು ಅವಳು. ದೇವರಿಗೆ ಹೇಳಿದ್ದು ಯಾವುದು, ಪಕ್ಕದ ಕೆಲಸದವರಿಗೆ ಹೇಳಿದ್ದು ಯಾವುದು ಎಂದು ಬೇರ್ಪಡಿಸುವುದು ಬೇರೆ ಹೊತ್ತಿನಲ್ಲಿ ಅವಳಿಗೆ ನೀರು ಕುಡಿದಷ್ಟು ಸಲೀಸು. ಆ ರಾತ್ರಿ ಒಂದಕ್ಷರ ಬಿಡಲೂ ಧೈರ್ಯವಾಗಲಿಲ್ಲ. ಮೇಣ, ಅಂಟು, ದಾರ ಸಮೇತ ಮತ್ತೆ ಮೊದಲಿನಿಂದ ಹೇಳಿದಳು. ಸೂಜಿಯ ಎಡಗೈ ಅವಳ ಬೆರಳುಗಳನ್ನು ಹಿಡಿದುಕೊಂಡಿತ್ತು. ಆಸ್ಪತ್ರೆಯ ಗೇಟು ಬರುವ ಹೊತ್ತಿಗೆ ಆ ಹಿಡಿತವೂ ಸಡಿಲಾಯಿತು.

ಸೂಜಿಯನ್ನು ಒಳಗೆ ತಳ್ಳಿಕೊಂಡು ಹೋದರು, ಬಾಗಿಲು ಮುಚ್ಚಿತು. ಫಿನಾಯಿಲ್ ವಾಸನೆಯ ಖಾಲಿ ಕಾರಿಡಾರಿನಲ್ಲಿ ಕರಡಿ ಒಬ್ಬಳೇ ನಿಂತಳು. ಗೆಳತಿಯ ಪ್ರಾರ್ಥನೆ ಮುಗಿದಿತ್ತು, ಸಿಟ್ಟು ಮುಗಿದಿರಲಿಲ್ಲ. ಯಜಮಾನರಿಗೆ ಪೂರ್ತಿ ಹೇಳಲಾಗದೆ ಉಳಿದದ್ದನ್ನೆಲ್ಲ, ತಾನು ಎಂದೂ ನಂಬದ ದೇವರ ಮುಂದೆ, ಗೋಡೆಗೆ ಹಣೆಯಿಟ್ಟು ಸುರಿದಳು.

“ನಾಚಿಕೆ ಆಗಲ್ವಾ ನಿನಗೆ? ಹೊಲಿಗೆಗೊಂದು ಸಲ ಕರೀತಿದ್ಲಲ್ಲೋ! ಅವಳ ನಾಲಿಗೇನೇ ಬೇಕಿತ್ತಾ? ನಾನು ಕರೀತಿರೋದು ಇದೇ ಮೊದಲು. ನನಗೇನೂ ಕೊಡಬೇಡ. ನಮ್ಮ ಯಜಮಾನನ ಹಾಗೆ ಕಣ್ಣು ಮುಚ್ಕೊಂಡು ನಿಲ್ಲಬೇಡ, ಅಷ್ಟೇ. ಕಣ್ಣು ಬಿಡು. ಕೆಲಸ ಮಾಡು.”

ಬೈದು ಮುಗಿಸುವ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದಳು. “ಬದುಕ್ತಾರೆ. ಬೇಗ ತಂದ್ರಿ. ಬೆಳಗಿನ ತನಕ ಕಾದಿದ್ದರೆ ನಮ್ಮ ಕೈಲಿ ಏನೂ ಆಗ್ತಿರಲಿಲ್ಲ.”

ಕರಡಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಸೂಜಿಯನ್ನು ವಾರ್ಡಿಗೆ ಹಾಕಿದ ಮೇಲೆ ಯಜಮಾನರು ಹಣ್ಣು ಹಿಡಿದು ಬಂದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರ ಗತ್ತಿನಲ್ಲಿ, ಪಕ್ಕದ ಮಂಚದವರಿಗೂ ಕೇಳುವಂತೆ, “ನಿಂತ ಕಾಲಲ್ಲಿ ಪ್ರಾರ್ಥನೆ ಮಾಡ್ದೆ ನೋಡಿ, ಫಲ ಕೊಟ್ಟ!” ಎಂದರು. ಸುತ್ತಲಿನವರು ಭಕ್ತಿಯಿಂದ ತಲೆದೂಗಿದರು.

ಸೂಜಿಗೆ ವ್ಯಾನು ಹತ್ತಿದ್ದೂ ನೆನಪಿರಲಿಲ್ಲ. ಅರ್ಧ ಬಾಯಲ್ಲಿ ನಕ್ಕು, ತೊದಲುತ್ತ ಕೇಳಿದಳು: “ಕರ...ಡಿ, ನೀ...ನು?”

“ಅವಳೆಲ್ಲಿ ಪ್ರಾರ್ಥನೆ ಮಾಡ್ತಾಳಮ್ಮ? ನನ್ನ ಪುಸ್ತಕ ಎಸೀತಿದ್ಲು!” ಎಂದು ಯಜಮಾನರು ಗಹಗಹಿಸಿದರು.

ಬಾಗಿಲ ಬಳಿ ನಿಂತಿದ್ದ ಡ್ರೈವರ್ ಬಾಯಿ ತೆರೆದ. ಕರಡಿಯ ಒಂದು ನೋಟಕ್ಕೆ ಮುಚ್ಚಿಕೊಂಡ. ಅವಳ ನಾಲಿಗೆಯ ತುದಿಗೂ ಮಾತು ಬಂದಿತ್ತು. ಹೇಳಿದರೆ ಏನಾಗುತ್ತದೆ? ಇವರದೊಂದು ಪ್ರಾರ್ಥನೆ, ಅವಳದೊಂದು ಪ್ರಾರ್ಥನೆ ಎಂದು ಈ ಜನ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ಕೀಲಿ ಸೊಂಟದಲ್ಲೇ ಇಟ್ಟುಕೊಂಡು ನಿಂತವರ ಪಕ್ಕದಲ್ಲಿ ತನ್ನದನ್ನೂ ತೂಗಿಸಬೇಕೇ?

“ಹೌದು ಸಾರ್, ಪುಸ್ತಕ ಎಸೀತಿದ್ದೆ,” ಎಂದಳು.

ಸೂಜಿಯ ಹೊದಿಕೆ ಸರಿಪಡಿಸುತ್ತ ಅವಳು ಮನಸ್ಸಿನಲ್ಲೇ ತೀರ್ಮಾನಿಸಿದಳು: ವ್ಯಾನಿನಲ್ಲಿ, ಆ ಕಾರಿಡಾರಿನಲ್ಲಿ ತಾನು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ, ಇವಳಿಗೂ.