ಮೂರನೇ ಹಾಳೆ

ಎಲ್‌ವುಡ್ ಡ್ರಾಹೋಸ್‌ನ ಪೇಟೆಂಟ್ ಅರ್ಜಿಯಲ್ಲಿ ಚಿತ್ರಗಳ ಮೂರನೇ ಹಾಳೆ ಇರಲಿಲ್ಲ. ಹಾಗಂತ ಪೇಟೆಂಟ್ ಕಚೇರಿಯಿಂದ ನೋಟೀಸು ಬಂದಿತ್ತು. ಹಸುಗಳು ನಾಲಿಗೆ ಹಾಕಿ ತೆಗೆಯಲಾರದಂಥ ಗೇಟಿನ ಅಗುಳಿಯೊಂದನ್ನು ಅವನು ನೆಬ್ರಾಸ್ಕಾದ ತನ್ನ ಕೊಟ್ಟಿಗೆಯಲ್ಲಿ ಆರು ವರ್ಷ ತಿದ್ದಿ ತಿದ್ದಿ ಮಾಡಿದ್ದ. ಅದರ ಜೀವವೇ ಒಳಗಿನ ಸ್ಪ್ರಿಂಗು. ಸ್ಪ್ರಿಂಗ್ ಕೂರುವ ಬಗೆ ಇದ್ದದ್ದು ಮೂರನೇ ಹಾಳೆಯ ಐದನೇ, ಆರನೇ ಚಿತ್ರಗಳಲ್ಲಿ ಮಾತ್ರ.

"ಐದೂ ಹಾಳೆ ಕಳಿಸಿದ್ವಿ," ಎಂದ ವಕೀಲ ಪ್ರುಯಿಟ್. "ಅವರ ಕಡೆನೇ ಎಲ್ಲೋ ಬಿದ್ದಿದೆ."

"ಹಾಗಂತ ಅವರಿಗೆ ಹೇಳಿ."

"ಹೇಳಿದ್ರೆ ಸಾಲದು. ಕಾರ್ಡ್ ತೋರಿಸ್ಬೇಕು."

ಅರ್ಜಿಯ ಜೊತೆ ತಮ್ಮದೇ ವಿಳಾಸದ ಅಂಚೆ ಕಾರ್ಡೊಂದನ್ನು ಇಡುವುದು ಈ ಕಸುಬಿನ ರೂಢಿ. ಒಳಗೆ ಏನೇನಿದೆ, ಎಷ್ಟು ಹಾಳೆ ಎಂದು ಅದರಲ್ಲಿ ಬರೆದಿರಬೇಕು. ಕಚೇರಿಯವರು ಮುದ್ರೆ ಒತ್ತಿ ವಾಪಸು ಕಳಿಸುತ್ತಾರೆ; ಎಲ್ಲ ತಲುಪಿದ್ದಕ್ಕೆ ಅದೇ ಸಾಕ್ಷಿ. ಗುಮಾಸ್ತೆ ಮಾರ್ಲಿಸ್ ಕಾರ್ಡ್ ತಂದು ಮೇಜಿನ ಮೇಲಿಟ್ಟಳು. ಮುದ್ರೆ ಚೆನ್ನಾಗಿ ಬಿದ್ದಿತ್ತು. 'ಚಿತ್ರಗಳು: ಒಂದು ಕಟ್ಟು' ಎಂದಿತ್ತು.

"ಕಟ್ಟು ಅಂದ್ರೆ ಎಷ್ಟು?" ಎಲ್‌ವುಡ್ ಕೇಳಿದ.

"ಯಾವಾಗ್ಲೂ ಹಾಗೇ ಬರೆಯೋದು," ಎಂದಳು ಮಾರ್ಲಿಸ್. "ಇವರೇ ಹೇಳ್ಕೊಟ್ಟಿದ್ದು. ಹದಿನಾಲ್ಕು ವರ್ಷದಲ್ಲಿ ಯಾರೂ ಕೇಳಿರ್ಲಿಲ್ಲ."

ಪ್ರುಯಿಟ್ ಕನ್ನಡಕ ಒರೆಸತೊಡಗಿದ.

"ನಾನು ಕರು ಮಾರಿದ್ರೂ ಎಣಿಸಿ ಕೊಡ್ತೀನಿ, ವಕೀಲ್ರೇ. ಒಂದು ಹಿಂಡು ಅಂತ ಬರೆದು ಕಳಿಸಲ್ಲ." ಎಲ್‌ವುಡ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಹೋಗ್ಲಿ, ಈಗ ಕಳಿಸಿದ್ರೆ?"

"ಕಳಿಸಿದ ದಿನವೇ ಅರ್ಜಿಯ ತಾರೀಖಾಗುತ್ತೆ. ನೀವು ಮೇಳದಲ್ಲಿ ಮೊದಲ ಅಗುಳಿ ಮಾರಿ ವರ್ಷ ದಾಟಿದೆ. ವರ್ಷದೊಳಗೆ ಅರ್ಜಿ ಹಾಕಿರ್ಬೇಕು. ಇಲ್ದಿದ್ರೆ ಪೂರ್ತಿ ಹೋಯ್ತು."

"ಅರ್ಜಿಯ ಬರಹದಲ್ಲಿ ಸ್ಪ್ರಿಂಗ್ ವಿಷ್ಯ ಇರ್ಬೇಕಲ್ಲ? ಒಂದು ಮಧ್ಯಾಹ್ನ ಪೂರ್ತಿ ನಿಮಗೆ ಬಿಡಿಸಿ ಹೇಳಿದ್ದೆ."

ಪ್ರುಯಿಟ್ ಪುಟ ತಿರುವಿದ. "'ಸ್ಪ್ರಿಂಗ್ ಐದನೇ ಚಿತ್ರದಲ್ಲಿ ತೋರಿಸಿದಂತೆ ಕೂರುತ್ತದೆ' ಅಂತಿದೆ."

"ಆಮೇಲೆ?"

"ಅಷ್ಟೇ."

"ನನ್ನ ಹಸುಗಳೇ ನಿಮಗಿಂತ ಮೇಲು. ಗೇಟು ತೆಗೆಯೋಕೆ ಮುಂಚೆ ಒಂದ್ಸಲ ನೋಡ್ತವೆ."

ಉಳಿದದ್ದು ಒಂದೇ ದಾರಿ: ಆ ಹಾಳೆಯನ್ನೂ ಅದನ್ನು ನಂಬಿ ಕೇಳಿದ್ದ ಹಕ್ಕುಗಳನ್ನೂ ಕೈಬಿಟ್ಟು ಹಳೆಯ ತಾರೀಖನ್ನು ಉಳಿಸಿಕೊಳ್ಳುವುದು. ಪ್ರುಯಿಟ್ ಹಾಗೆಂದು ಕಚೇರಿಗೆ ಬರೆದ ಪತ್ರ ಮುಂದಿಟ್ಟ. ಮಾರ್ಲಿಸ್ ಹೊಸ ಕಾರ್ಡ್ ತೆಗೆದು, 'ಪತ್ರ: ಎರಡು ಹಾಳೆ' ಎಂದು ಅಚ್ಚುಕಟ್ಟಾಗಿ ಬರೆದಳು. ಅದನ್ನು ನೋಡುತ್ತಲೇ ಎಲ್‌ವುಡ್ ಸಹಿ ಹಾಕಿದ. ಪೆನ್ನಿನ ಮೊನೆಗೆ ಕಾಗದ ಹರಿಯಿತು.

ಹಳೆಯ ತಾರೀಖು ಉಳಿಯಿತು. ಹೋದದ್ದು ಒಂದು ಹಾಳೆ, ಎರಡು ಚಿತ್ರ, ಅವನು ಕೇಳಿದ್ದ ಹನ್ನೊಂದು ಹಕ್ಕುಗಳಲ್ಲಿ ಸ್ಪ್ರಿಂಗಿನ ಮೇಲಿನ ಏಳು.